ಬೆಲೆ ಊಹಿಸೋದು ಬಿಟ್ಟೆ, ರೇಶಿಯೊ ಹಿಡಿದೆ: ನನ್ನ ಕ್ರಿಪ್ಟೊ ಅನುಭವ

ನಾಳೆ ಬಿಟ್‌ಕಾಯಿನ್ ಎಷ್ಟಾಗುತ್ತೆ ಅಂತ ನನ್ನ ಮಾಡೆಲ್ ಇವತ್ತಿಗೂ ಹೇಳಲ್ಲ. ಈ ತಿಂಗಳ ದುಡ್ಡು ಬಿಟ್‌ಕಾಯಿನ್‌ಗಾ, ಇಥೀರಿಯಂನ ಕಾಯಿನ್ ಆದ ಈಥರ್‌ಗಾ, ಅಷ್ಟೇ ಹೇಳುತ್ತೆ. "ಇದಕ್ಕೆ ಇಷ್ಟು ಒದ್ದಾಡಿದ್ಯಾ?" ಅಂತ ನಕ್ಕ ಗೆಳೆಯರೇ ಈಗ ಶೀಟ್ ಕಳಿಸು ಅಂತ ಗಂಟು ಬಿದ್ದಿದ್ದಾರೆ.

ಎಲ್ಲರ ಹಾಗೆ ನಾನೂ ಎಲ್‌ಎಸ್‌ಟಿಎಂನಿಂದಲೇ (ಹಿಂದಿನ ಬೆಲೆ ನೋಡಿ ಮುಂದಿನದ್ದು ಊಹಿಸೋಕೆ ಬಳಸೋ ನ್ಯೂರಲ್ ನೆಟ್‌ವರ್ಕ್) ಶುರು ಮಾಡಿದ್ದು. ಅಂದಾಜಿನ ಗೆರೆ ನಿಜವಾದ ಗೆರೆಗೆ ಅಂಟಿಕೊಂಡೇ ಹೋಗುತ್ತಿತ್ತು, ನೋಡೋಕೆ ಭಾರಿ ಚಂದ. ಜೂಮ್ ಮಾಡಿದರೆ ನಿನ್ನೆಯ ಬೆಲೆಯನ್ನೇ ಒಂದು ದಿನ ಮುಂದೆ ಸರಿಸಿ ಬರೆದಿತ್ತು. "ನಾಳೆಯೂ ಇವತ್ತಿನ ಬೆಲೆಯೇ" ಅನ್ನೋ ಒಂದು ಸಾಲಿನ ಲೆಕ್ಕವೇ ಅದನ್ನು ಸೋಲಿಸಿತು. ಅದನ್ನು ಓಡಿಸೋ ಜಿಪಿಯು ಚಿಪ್‌ನ ಬಾಡಿಗೆ ಏಳೆಂಟು ಸಾವಿರ ನೀರಲ್ಲಿ ಹೋಮ.

ಆಮೇಲೆ ಪೇರ್ ಟ್ರೇಡಿಂಗ್, ಅಂದರೆ ಜೊತೆಯಾಗಿ ಓಡೋ ಎರಡರ ನಡುವಿನ ಅಂತರದ ಮೇಲೆ ವ್ಯಾಪಾರ. ಎರಡು ಬೆಲೆ ದೂರ ಹೋದರೂ ಮತ್ತೆ ಹತ್ತಿರ ಬರುತ್ತಾ ಅಂತ ನೋಡೋ ಕೋಇಂಟಿಗ್ರೇಷನ್ ಟೆಸ್ಟ್ ಪಾಸ್ ಆಗಿತ್ತು. ಈಥರ್‌ನ ಬೆಲೆ ಬಿಟ್‌ಕಾಯಿನ್ ಲೆಕ್ಕದಲ್ಲಿ (ಇದೇ ನಾನು ಹೇಳೋ ರೇಶಿಯೊ) 0.07ರ ಆಸುಪಾಸು ಓಡಾಡುತ್ತಿದ್ದ ಕಾಲ ಅದು. ಕೆಳಗಿಳಿದರೆ ತಗೋ, ಸರಾಸರಿಗೆ ವಾಪಸ್ ಬಂದೇ ಬರುತ್ತೆ ಅಂತ. ಎಲ್ಲಿ ಬಂತು? 2022ರ ಸೆಪ್ಟೆಂಬರ್‌ನಲ್ಲಿ, ಇಥೀರಿಯಂ ಮೈನಿಂಗ್ ಬಿಟ್ಟ 'ಮರ್ಜ್' ಹೊತ್ತಿಗೆ, 0.08ರ ಹತ್ತಿರ ಇದ್ದದ್ದು 2025ರ ಏಪ್ರಿಲ್‌ಗೆ 0.018ಕ್ಕೆ ಇಳಿದಿತ್ತು.

ರೇಶಿಯೊ ಕೈ ಕೊಡದೇ ಇದ್ದಿದ್ದರೂ ನಮ್ಮ ತೆರಿಗೆ ಬಿಡುತ್ತಿರಲಿಲ್ಲ. ಈಥರ್‌ನಲ್ಲಿ 10,000 ಲಾಭ, ಬಿಟ್‌ಕಾಯಿನ್‌ನಲ್ಲಿ 8,000 ನಷ್ಟ ಅಂದುಕೊಳ್ಳಿ. ಕೈಗೆ ಉಳಿದದ್ದು 2,000. 2022ರ ಏಪ್ರಿಲ್‌ನಿಂದ ನಷ್ಟ ಕಳೆಯೋ ಹಾಗಿಲ್ಲ, 10,000ದ ಮೇಲೇ 30 ಪರ್ಸೆಂಟ್, ಅಂದರೆ 3,000 ಕಟ್ಟಬೇಕು. ಸೆಸ್ ಬೇರೆ. ಪ್ರತಿ ಮಾರಾಟಕ್ಕೂ 1 ಪರ್ಸೆಂಟ್ ಟಿಡಿಎಸ್ ಹಿಡಿಯೋದರಿಂದ ಬಂಡವಾಳವೂ ಅಲ್ಲೇ ಸಿಕ್ಕಿಕೊಳ್ಳುತ್ತೆ, ರಿಟರ್ನ್ ಹಾಕೋವರೆಗೆ.

ಹಾಗಾದರೆ ಮಾರಲೇಬಾರದು, ಅಲ್ವಾ? ತಿಂಗಳಿಗೆ ಹತ್ತು ಸಾವಿರ ಹೇಗೂ ಹಾಕುತ್ತಿದ್ದೆ. ರೇಶಿಯೊ ತನ್ನ ಸರಾಸರಿಗಿಂತ ಮೇಲಿದ್ದರೆ ಹೊಸ ದುಡ್ಡು ಈಥರ್‌ಗೆ, ಕೆಳಗಿದ್ದರೆ ಬಿಟ್‌ಕಾಯಿನ್‌ಗೆ. ವಾಪಸ್ ಬರುತ್ತೆ ಅಂತ ಕಾಯೋದಲ್ಲ, ಹೋಗ್ತಿರೋ ಕಡೆಗೇ ಹೋಗೋದು. ಎರಡು ವರ್ಷಕ್ಕೂ ಜಾಸ್ತಿ ಬಹುಪಾಲು ಬಿಟ್‌ಕಾಯಿನ್ ಅಂತಲೇ ಹೇಳಿತು, 2025ರ ಮಧ್ಯದಲ್ಲಿ ತಿರುಗಿತು, ಆಗಸ್ಟ್ ಹೊತ್ತಿಗೆ ರೇಶಿಯೊ 0.04ರ ಹತ್ತಿರ. ಅರ್ಧರ್ಧ ಹಾಕಿದ್ದರೆ ಇರುತ್ತಿದ್ದದ್ದಕ್ಕಿಂತ ಈಗ ಹೆಚ್ಚುಕಡಿಮೆ ಕಾಲು ಭಾಗ ಜಾಸ್ತಿ ಇದೆ. ಎಷ್ಟು ದಿನದ ಸರಾಸರಿ ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ಆದರೆ ರೇಶಿಯೊ ಲೆಕ್ಕಕ್ಕೆ ಒಂದರ ಬೆಲೆ ರೂಪಾಯಿಯಲ್ಲಿ, ಇನ್ನೊಂದರದ್ದು ಡಾಲರ್‌ನಲ್ಲಿ ತಗೋಬೇಡಿ. ಇಲ್ಲಿ ಯುಎಸ್‌ಡಿಟಿಗೆ (ಡಾಲರ್‌ಗೆ ಸರಿಸಮ ಇರಬೇಕಾದ ಕಾಯಿನ್) ಡಾಲರ್‌ಗಿಂತ ಮೇಲೆ ಕೊಡಬೇಕಾಗುತ್ತೆ, ಆ ವ್ಯತ್ಯಾಸ ದಿನಾ ಕುಣಿಯುತ್ತೆ.

ಮಧ್ಯೆ ಸುಮ್ನೆ ಲೈಟ್‌ಕಾಯಿನ್ ಅನ್ನೋ ಇನ್ನೊಂದು ಕಾಯಿನ್‌ನಲ್ಲೂ ಕೈಯಾಡಿಸಿದೆ. 2023ರ ಆಗಸ್ಟ್‌ನ ಹಾಲ್ವಿಂಗ್‌ಗೆ (ಮೈನರ್‌ಗಳಿಗೆ ಸಿಗೋ ಹೊಸ ಕಾಯಿನ್ ಅರ್ಧಕ್ಕೆ ಇಳಿಯೋದು) ಏರುತ್ತೆ ಅಂದರು. ಏರಿದ್ದು ಜುಲೈ ಶುರುವಿನಲ್ಲಿ, ಹಾಲ್ವಿಂಗ್ ಹೊತ್ತಿಗೆ ಇಳೀತಾ ಇತ್ತು. ಮೂರು ಸಾವಿರ ಹೋಯ್ತು ಅನ್ಸುತ್ತೆ.

ಈಗ ಸೊಲಾನಾ ಅನ್ನೋ ಮೂರನೇ ಕಾಯಿನ್ ಸೇರಿಸಿ ನೋಡುತ್ತಿದ್ದೇನೆ, ಶೀಟ್ ಮೇಲೆ ಮಾತ್ರ. ಡೇಟಾ 2020ರಿಂದ ಈಚೆಗಷ್ಟೇ ಇದೆ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಅನ್ನೋ ದೊಡ್ಡ ಕ್ರಿಪ್ಟೊ ಎಕ್ಸ್‌ಚೇಂಜ್ ಮುಳುಗಿದ ವಾರಗಳನ್ನು ಲೆಕ್ಕಕ್ಕೆ ತಗೊಂಡರೆ ಒಂದು ಉತ್ತರ ಬರುತ್ತೆ, ಬಿಟ್ಟರೆ ಇನ್ನೊಂದು.