ಮೂರು ಮೆಟ್ಟಿಲಿನ ಜಗಳ

ನಾನು ಸಿವಿಲ್ ಎಂಜಿನಿಯರ್. ನಮ್ಮ ತಾಲ್ಲೂಕಿನ ಒಂದು ಖಾಸಗಿ ಶಾಲೆಗೆ ಮೊದಲ ಮಹಡಿ ಕಟ್ಟಿಸುವ ಕೆಲಸ ಬಂತು. ಆಡಳಿತ ಮಂಡಳಿಯವರ ಹತ್ತಿರ ಪ್ಲಾನ್ ಆಗಲೇ ತಯಾರಿತ್ತು. ಮೆಟ್ಟಿಲ ಅಗಲ ನಾಲ್ಕಡಿ. "ಮನೆಗೆ ಮೂರಡಿ ಹಾಕ್ತಾರೆ, ಶಾಲೆ ಅಂತ ಒಂದಡಿ ಜಾಸ್ತಿ ಇಟ್ಟಿದ್ದೀವಿ ಸಾರ್" ಅಂದರು.

ರಾಷ್ಟ್ರೀಯ ಕಟ್ಟಡ ಸಂಹಿತೆ ಶಾಲೆಗೆ ಕೇಳುವುದು ಕನಿಷ್ಠ 1.5 ಮೀಟರ್, ಅಂದರೆ ಹತ್ತಿರ ಹತ್ತಿರ ಐದಡಿ. ಒಂದೊಂದು ಮೆಟ್ಟಿಲ ಎತ್ತರ 150 ಮಿಲಿಮೀಟರ್, ಅಂದರೆ ಸುಮಾರು ಆರು ಇಂಚು, ದಾಟಬಾರದು. ಅಗಲಕ್ಕೆ ಸ್ಟೋರ್ ರೂಮಿನಿಂದ ಜಾಗ ಕಿತ್ತುಕೊಂಡೆ. ಎತ್ತರದ್ದೇ ದೊಡ್ಡ ಜಗಳವಾಯಿತು. ಮಹಡಿ ಎತ್ತರ ಹತ್ತೂವರೆ ಅಡಿ. ಆರು ಇಂಚಿಗೆ 21 ಮೆಟ್ಟಿಲು, ಏಳು ಇಂಚಿಗೆ 18. "ಮೂರು ಮೆಟ್ಟಿಲು ಉಳಿಯುತ್ತಲ್ಲ ಸಾರ್" ಎಂದು ಮೇಸ್ತ್ರಿ ಹಟ ಹಿಡಿದರು. ಎರಡು ದಿನ ನಾನು ಸೈಟಿಗೆ ಹೋಗಿರಲಿಲ್ಲ. ಬಂದು ಟೇಪ್ ಹಿಡಿದರೆ ಏಳು ಇಂಚು! ಪುಣ್ಯಕ್ಕೆ ಕಾಂಕ್ರೀಟ್ ಹಾಕಿರಲಿಲ್ಲ. ಕಾಂಕ್ರೀಟ್ ಹಾಕಲು ಕಟ್ಟಿದ್ದ ಸೆಂಟ್ರಿಂಗ್ ಹಲಗೆ ಪೂರ್ತಿ ಬಿಚ್ಚಿಸಿದೆ. ಮೇಸ್ತ್ರಿ ಆ ದಿನ ನನ್ನ ಜೊತೆ ಮಾತಾಡಲಿಲ್ಲ.

ರ‍್ಯಾಂಪಿನದೂ ಇದೇ ಕಥೆ. ಅಂಗವಿಕಲ ಮಕ್ಕಳಿಗೆ ತಡೆಯಿಲ್ಲದ ದಾರಿ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಪ್ಲಾನಿನಲ್ಲಿ ಎರಡಡಿ ಎತ್ತರಕ್ಕೆ ಎಂಟಡಿ ಉದ್ದದ ರ‍್ಯಾಂಪ್ ಇತ್ತು. ಅದರಲ್ಲಿ ಗಾಲಿಕುರ್ಚಿ ಹತ್ತೋದಲ್ಲ, ಉರುಳುತ್ತೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಲೆಕ್ಕದಲ್ಲಿ 24 ಅಡಿ ಬೇಕು. ಗೋಡೆ ಪಕ್ಕ ತಿರುಗಿಸಿ ಹೇಗೋ ಕೂರಿಸಿದೆವು.

ಅಡುಗೆ ಕೋಣೆಯನ್ನು ಮೆಟ್ಟಿಲ ಕೆಳಗೆ ಮಾಡೋಣ ಅಂದಾಗ ಮಾತ್ರ ನನಗೆ ಸಿಟ್ಟು ಬಂತು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯ ಅಡುಗೆಮನೆಯ ಬೆಂಕಿ ಹುಲ್ಲಿನ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಅದಾದ ಮೇಲಿನ ಪ್ರಕರಣದಲ್ಲೇ 2009ರಲ್ಲಿ ಸುಪ್ರೀಂ ಕೋರ್ಟ್, ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನ ಭಾಗ ಎಂದಿತು. ಶಾಲಾ ಕಟ್ಟಡಗಳು ಸಂಹಿತೆಯಂತೆ ಇರಬೇಕು, ಬೆಂಕಿ ಆರಿಸುವ ಸಾಧನ ಇಡಬೇಕು ಎಂದಿತು. ಇದನ್ನು ಹೇಳಿದ ಮೇಲೆ ಯಾರೂ ವಾದ ಮಾಡಲಿಲ್ಲ. ಅಡುಗೆ ಕೋಣೆ ಕಾಂಪೌಂಡಿನ ಆ ಮೂಲೆಗೆ ಹೋಯಿತು.

ಒಂದು ಕಡೆ ಮಾತ್ರ ಸೋತಿದ್ದೇನೆ. ಹಳೇ ಕಟ್ಟಡದ ಮೆಟ್ಟಿಲ ಬುಡದಲ್ಲಿ ಕೊಲ್ಯಾಪ್ಸಿಬಲ್ ಗೇಟ್ ಇದೆ. ಹೊರಹೋಗುವ ದಾರಿ ಒಳಗಿದ್ದವರಿಗೆ ಬೀಗದ ಕೈ ಇಲ್ಲದೆ ತೆರೆಯುವಂತಿರಬೇಕು. ಕಳ್ಳರ ಭಯಕ್ಕೆ ರಾತ್ರಿ ಬೀಗ ಹಾಕಲಿ, ಬೇಡ ಅನ್ನಲ್ಲ. ಆದರೆ ಹೋದ ತಿಂಗಳು ಬೆಳಗ್ಗೆ ಹನ್ನೊಂದಕ್ಕೆ ಹೋದಾಗಲೂ ಬೀಗ ಬಿದ್ದಿತ್ತು. ಮಕ್ಕಳು ಮೇಲೆ ಪಾಠ ಕೇಳುತ್ತಿದ್ದರು. ಬೀಗದ ಕೈ ವಾಚ್‌ಮನ್ ಹತ್ತಿರ, ವಾಚ್‌ಮನ್ ಟೀ ಅಂಗಡಿಯಲ್ಲಿ.