'ಇನ್ ಸೋ ಮೆನಿ ವರ್ಡ್ಸ್': ಅಷ್ಟೊಂದು ಅಲ್ಲ, ಅಷ್ಟೇ

'ಇನ್ ಸೋ ಮೆನಿ ವರ್ಡ್ಸ್' ಎಂದರೆ ಉದ್ದುದ್ದ ಮಾತಾಡುವುದು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅರ್ಥ ಅದಲ್ಲ. ಸುತ್ತಿಬಳಸದೆ, ಅದೇ ಶಬ್ದಗಳಲ್ಲಿ, ಬಾಯಿಬಿಟ್ಟು ಹೇಳುವುದು ಎಂದರ್ಥ.

ಎಡವುವುದು 'ಸೋ ಮೆನಿ' ಹತ್ತಿರ. ನಾವು ಅದನ್ನು 'ಅಷ್ಟೊಂದು' ಎಂದು ಓದಿಕೊಳ್ಳುತ್ತೇವೆ. ಇಲ್ಲಿ ಅದು 'ಅಷ್ಟೇ': ಆ ಮಾತಿಗೆ ಎಷ್ಟು ಶಬ್ದ ಬೇಕೋ ಅಷ್ಟೇ. ಲ್ಯಾಟಿನ್‌ನ 'ಟೋಟಿಡೆಮ್ ವರ್ಬಿಸ್' ಕೂಡ ಇದನ್ನೇ ಹೇಳುತ್ತದೆ.

ಈ ನುಡಿಗಟ್ಟು ಚೆನ್ನಾಗಿ ಹೊಂದುವುದು 'ನಾಟ್' ಜೊತೆಗೆ. ಇಂಟರ್‌ವ್ಯೂ ಮುಗಿಸಿ ಬಂದವರನ್ನು 'ಡಿಡ್ ದೇ ಆಫರ್ ಯೂ ದ ಜಾಬ್?' ಎಂದು ಕೇಳಿದರೆ ಉತ್ತರ ಹೀಗಿರಬಹುದು: 'ನಾಟ್ ಇನ್ ಸೋ ಮೆನಿ ವರ್ಡ್ಸ್, ಬಟ್ ದೇ ಆಸ್ಕ್ಡ್ ವೆನ್ ಐ ಕುಡ್ ಜಾಯಿನ್.' ಕೆಲಸ ಕೊಟ್ಟೆವು ಅಂತ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಯಾವಾಗ ಸೇರ್ತೀರಿ ಅಂತ ಕೇಳಿದರು. 'ಬಟ್' ಆದಮೇಲಿನ ಭಾಗ ಮುಖ್ಯ. ಅದನ್ನು ಬಿಟ್ಟರೆ ಆ ಕಡೆಯವರ ಮನಸ್ಸು ಯಾವುದರಿಂದ ತಿಳಿಯಿತು ಎಂಬುದನ್ನೇ ಹೇಳಿದಂತಾಗುವುದಿಲ್ಲ.

ಪೂರ್ತಿ ವಾಕ್ಯದಲ್ಲಾದರೆ ಕ್ರಿಯಾಪದದ ನಂತರ ಇಡಿ: 'ಹಿ ಡಿಡಂಟ್ ರೆಫ್ಯೂಸ್ ಇನ್ ಸೋ ಮೆನಿ ವರ್ಡ್ಸ್.' ಸೇ, ಟೆಲ್, ಅಡ್ಮಿಟ್, ಪ್ರಾಮಿಸ್ ಮುಂತಾಗಿ ಮಾತಿಗೆ ಸಂಬಂಧಿಸಿದ ಕ್ರಿಯಾಪದಗಳಿಗೆ ಮಾತ್ರ ಇದು ಕೂಡುತ್ತದೆ.

'ನಾಟ್' ಇಲ್ಲದೆ ಬಳಸುವಾಗ ಎಚ್ಚರ ಬೇಕು. 'ಶಿ ಟೋಲ್ಡ್ ಮಿ, ಇನ್ ಸೋ ಮೆನಿ ವರ್ಡ್ಸ್, ಟು ಲೀವ್' ಎಂದರೆ 'ಹೊರಡು' ಎಂದು ನೇರವಾಗಿಯೇ ಹೇಳಿದಳು ಎಂದಾಗಬೇಕು. ಆದರೆ ಇಂಗ್ಲಿಷ್ ಮಾತೃಭಾಷೆಯವರಲ್ಲೂ ಕೆಲವರು ಇದನ್ನು 'ಸೂಚ್ಯವಾಗಿ ಹೇಳಿದಳು' ಎಂಬ ತದ್ವಿರುದ್ಧ ಅರ್ಥದಲ್ಲಿ ಬಳಸುತ್ತಾರೆ. ಹಾಗಾಗಿ ದೂರು, ಒಪ್ಪಂದ, ಸಭೆಯ ನಡಾವಳಿಗಳಲ್ಲಿ ಇದು ಬೇಡವೇ ಬೇಡ. 'ಎಕ್ಸ್‌ಪ್ಲಿಸಿಟ್ಲಿ' ಬರೆಯಿರಿ, ಇಲ್ಲವೇ ಆಡಿದ ಮಾತನ್ನೇ ಉದ್ಧರಣ ಚಿಹ್ನೆಯೊಳಗೆ ಕೊಡಿ.

'ಇನ್ ಸೋ ಮಚ್ ವರ್ಡ್ಸ್' ಎನ್ನುವುದು ಇನ್ನೊಂದು ತಪ್ಪು. ಕನ್ನಡದಲ್ಲಿ ನೀರಿಗೂ 'ಅಷ್ಟು', ಮಾತಿಗೂ 'ಅಷ್ಟು' ಎನ್ನುವುದರಿಂದ ಇದು ಸಲೀಸಾಗಿ ನುಸುಳುತ್ತದೆ. ಶಬ್ದಗಳನ್ನು ಎಣಿಸಬಹುದು, ಆದ್ದರಿಂದ 'ಮೆನಿ'. ಕೊನೆಯಲ್ಲಿ 'ವರ್ಡ್' ಅಲ್ಲ, 'ವರ್ಡ್ಸ್'.

ಯಾರೋ ಒಂದು ಗಂಟೆ ವಿವರಿಸಿದರು ಎನ್ನಬೇಕಿದ್ದರೆ ಅದಕ್ಕೆ 'ಅಟ್ ಲೆಂತ್' ಇದೆ: 'ಹಿ ಎಕ್ಸ್‌ಪ್ಲೇನ್ಡ್ ಇಟ್ ಅಟ್ ಲೆಂತ್.'