ಒಂಟಿ ಗಾಜೋ, ಜೋಡಿ ಗಾಜೋ: ನಮ್ಮ ಬಿಸಿಲಿಗೆ ಕಿಟಕಿ ಆರಿಸುವುದು ಹೇಗೆ?

‘ಬಡವರ ಊಟಿ’ ಎಂದು ಹೆಸರಾದ ಹಾಸನದಲ್ಲಿ ಈಗ ಬಿ.ಎಂ. ರಸ್ತೆಯ ಆಚೀಚೆ ಗಾಜಿನ ಮುಖದ ಕಟ್ಟಡಗಳು ಕಾಣುತ್ತವೆ. ಬಡಾವಣೆಗಳಲ್ಲಿ ಮನೆ ಕಟ್ಟಿಸುವವರೂ ಗೋಡೆ ಕಡಿಮೆ ಮಾಡಿ ಕಿಟಕಿ ದೊಡ್ಡದು ಮಾಡುತ್ತಿದ್ದಾರೆ. ಕಿಟಕಿ ಮಾಡುವವರು ಕೊಡುವ ಕೊಟೇಶನ್‌ನಲ್ಲಿ ‘ಸಿಂಗಲ್ ಗ್ಲಾಸ್’ ಮತ್ತು ‘ಡಬಲ್ ಗ್ಲೇಜಿಂಗ್’ (ನಡುವೆ ಗಾಳಿಯ ಪದರವಿಟ್ಟು ಮುಚ್ಚಿದ ಜೋಡಿ ಗಾಜು) ಎಂಬ ಎರಡು ದರಗಳಿದ್ದು, ಎರಡನೆಯದು ಗಣನೀಯವಾಗಿ ಹೆಚ್ಚಿರುತ್ತದೆ. ‘ಡಬಲ್ ಹಾಕಿಸಿ, ಮನೆ ತಂಪಾಗಿರುತ್ತದೆ’ ಎಂಬ ಸಲಹೆಯೂ ಅದರ ಜೊತೆಗೇ ಬರುತ್ತದೆ. ಈ ಸಲಹೆ ಯಾವ ಕಿಟಕಿಗೆ ನಿಜ, ಯಾವುದಕ್ಕೆ ದುಂದುವೆಚ್ಚ ಎಂಬುದನ್ನು ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳಬಹುದು.

ಮೊದಲು ದಿಕ್ಕು, ಆಮೇಲೆ ಗಾಜು

ಮನೆಯ ನಕ್ಷೆ ತೆಗೆದುಕೊಂಡು ಪ್ರತಿ ಕಿಟಕಿಯ ಮುಂದೆ ಅದರ ದಿಕ್ಕನ್ನು ಬರೆಯಿರಿ. ಹಾಸನ, ಚಿಕ್ಕಮಗಳೂರು ಎರಡೂ 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಮಾರ್ಚ್ 21ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಕ್ಷಿತಿಜದಿಂದ 77 ಡಿಗ್ರಿಯಷ್ಟು ಮೇಲಿರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲಿ ನೆತ್ತಿಗೇ ಬಂದು, ಅಲ್ಲಿಂದ ಆಗಸ್ಟ್ ನಡುವಿನವರೆಗೆ ಉತ್ತರಕ್ಕೆ ವಾಲಿರುತ್ತಾನೆ. ಹೀಗಾಗಿ ಬೇಸಿಗೆಯ ಮಧ್ಯಾಹ್ನ ದಕ್ಷಿಣದ ನಾಲ್ಕಡಿ ಎತ್ತರದ ಕಿಟಕಿಯನ್ನು ಪೂರ್ತಿ ನೆರಳಿನಲ್ಲಿಡಲು ಎರಡಡಿಯ ಸಜ್ಜಾ ಸಾಕು. ಡಿಸೆಂಬರ್‌ನಲ್ಲಿ ಸೂರ್ಯ ಸುಮಾರು 53 ಡಿಗ್ರಿಗೆ ಇಳಿಯುವಾಗ ಅದೇ ಕಿಟಕಿಯ ಕೆಳಭಾಗಕ್ಕೆ ಬಿಸಿಲು ತಾಗುತ್ತದೆ, ಆದರೆ ಚಳಿಗಾಲದ ಆ ಬಿಸಿಲನ್ನು ನಮ್ಮಲ್ಲಿ ಯಾರೂ ಬೇಡವೆನ್ನುವುದಿಲ್ಲ.

ತೊಂದರೆ ಇರುವುದು ಪಶ್ಚಿಮದಲ್ಲಿ. ಸಂಜೆ ನಾಲ್ಕರ ಬಿಸಿಲು ಓರೆಯಾಗಿ ಬರುವುದರಿಂದ ಸಾಮಾನ್ಯ ಅಗಲದ ಸಜ್ಜಾ ಹಾಕಿದರೂ ಅದರ ಕೆಳಗೆ ನುಸುಳಿ ಗಾಜಿಗೆ ಬಡಿಯುತ್ತದೆ. ಪೂರ್ವದ್ದೂ ಇದೇ ಕಥೆ. ಬೆಳಿಗ್ಗೆ ಗಾಳಿ ತಂಪಾಗಿರುವುದರಿಂದ ಅದು ಅಷ್ಟು ಕಾಡುವುದಿಲ್ಲ, ಅಷ್ಟೇ. ಪಶ್ಚಿಮದ ಕಿಟಕಿಗೆ ಹೊರಗಡೆ ಬಿದಿರಿನ ತಟ್ಟಿ, ಜಾಲರಿ ಅಥವಾ ಒಂದು ಮರದ ನೆರಳು ಸಿಗುವಂತಿದ್ದರೆ ಗಾಜಿನ ಬಗೆಗಿನ ಚಿಂತೆಯಲ್ಲಿ ಮುಕ್ಕಾಲು ಪಾಲು ಅಲ್ಲೇ ಕಳೆಯಿತು. ಒಳಗಿನ ಪರದೆ ಇದಕ್ಕೆ ಪರ್ಯಾಯವಲ್ಲ, ಏಕೆಂದರೆ ಬಿಸಿಲು ಪರದೆಯನ್ನು ಮುಟ್ಟುವ ಹೊತ್ತಿಗೆ ಶಾಖ ಕೋಣೆಯೊಳಗೆ ಬಂದಾಗಿರುತ್ತದೆ.

ಎರಡು ಅಂಕಿಗಳನ್ನು ಬರವಣಿಗೆಯಲ್ಲಿ ಕೇಳಿ

ನೆರಳು ಮಾಡಲಾಗದ ಕಿಟಕಿಗಳು ಉಳಿದಾಗ ಮಾತ್ರ ಗಾಜಿನ ಆಯ್ಕೆಗೆ ಬನ್ನಿ. ಗಾಜಿನ ಮೂಲಕ ಶಾಖ ಎರಡು ದಾರಿಯಲ್ಲಿ ಬರುತ್ತದೆ. ಹೊರಗಿನ ಬಿಸಿ ಗಾಳಿಯಿಂದ ಗಾಜಿನ ಮೈ ಮೂಲಕ ಒಳಗೆ ಹರಿಯುವುದು ಒಂದು. ಇದರ ಅಳತೆ ಯು-ವ್ಯಾಲ್ಯೂ, ಅಂದರೆ ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಹರಿಯುವ ವ್ಯಾಟ್. ಬಿಸಿಲೇ ನೇರವಾಗಿ ಗಾಜು ದಾಟಿ ಬರುವುದು ಇನ್ನೊಂದು. ಇದರ ಅಳತೆ ಎಸ್‌ಎಚ್‌ಜಿಸಿ, ಅಂದರೆ ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಒಳಗೆ ಸೇರುವ ಪಾಲು. ಎರಡೂ ಕಡಿಮೆ ಇದ್ದಷ್ಟೂ ಒಳ್ಳೆಯದು. 6 ಮಿ.ಮೀ. ದಪ್ಪದ ಸಾದಾ ಒಂಟಿ ಗಾಜಿನ ಯು-ವ್ಯಾಲ್ಯೂ ಸುಮಾರು 5.7, ಎಸ್‌ಎಚ್‌ಜಿಸಿ ಸುಮಾರು 0.82. ಅಂಥದೇ ಎರಡು ಗಾಜುಗಳ ನಡುವೆ 12 ಮಿ.ಮೀ. ಗಾಳಿಯ ಪದರವಿಟ್ಟು ಅಂಚು ಮುಚ್ಚಿದರೆ ಯು-ವ್ಯಾಲ್ಯೂ ಅರ್ಧಕ್ಕರ್ಧ ಇಳಿದು 2.8ರ ಹತ್ತಿರ ಬರುತ್ತದೆ, ಆದರೆ ಎಸ್‌ಎಚ್‌ಜಿಸಿ 0.70ಕ್ಕಿಂತ ಹೆಚ್ಚು ಕೆಳಗಿಳಿಯುವುದಿಲ್ಲ.

ಈ ಅಂಕಿಗಳನ್ನು ಒಂದು ಕಿಟಕಿಗೆ ಹಚ್ಚಿ ನೋಡೋಣ. ಪಶ್ಚಿಮಕ್ಕೆ ಐದಡಿ ಅಗಲ, ನಾಲ್ಕಡಿ ಎತ್ತರದ ಗಾಜು, ಎಂದರೆ ಸುಮಾರು 1.86 ಚದರ ಮೀಟರ್. ಹೊರಗೆ 33 ಡಿಗ್ರಿ, ಒಳಗೆ 28 ಡಿಗ್ರಿ. ಗೋಡೆಯ ಮೇಲೆ ಪ್ರತಿ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಬೀಳುತ್ತಿದೆ ಎಂದು ಇಟ್ಟುಕೊಳ್ಳಿ. ಒಂಟಿ ಸಾದಾ ಗಾಜಿನ ಮೈ ಮೂಲಕ ಹರಿಯುವ ಶಾಖ ಬರೀ 53 ವ್ಯಾಟ್. ಅದೇ ಗಾಜಿನಲ್ಲಿ ಬಿಸಿಲಾಗಿ ಬರುವುದು 900 ವ್ಯಾಟ್‌ಗೂ ಮೇಲೆ. ಜೋಡಿ ಸಾದಾ ಗಾಜು ಹಾಕಿಸಿದರೆ 53 ಎಂಬುದು 26ಕ್ಕೆ ಇಳಿಯುತ್ತದೆ, ಬಿಸಿಲಿನ ಪಾಲು 780ರಲ್ಲೇ ನಿಲ್ಲುತ್ತದೆ. ಒಟ್ಟು ಉಳಿತಾಯ ಆರನೇ ಒಂದು ಭಾಗದಷ್ಟು. ಇದರ ಬದಲು ಎಸ್‌ಎಚ್‌ಜಿಸಿ 0.40 ಇರುವ ಸೋಲಾರ್ ಕಂಟ್ರೋಲ್ (ಬಿಸಿಲಿನ ಶಾಖ ತಡೆಯುವ) ಲೇಪನದ ಒಂಟಿ ಗಾಜನ್ನೇ ಹಾಕಿಸಿದರೆ ಎರಡೂ ದಾರಿ ಸೇರಿ ಸುಮಾರು 500 ವ್ಯಾಟ್ ಮಾತ್ರ ಒಳಗೆ ಬರುತ್ತದೆ. ಒಳಗೂ ಹೊರಗೂ ಐದಾರು ಡಿಗ್ರಿಯ ವ್ಯತ್ಯಾಸವಷ್ಟೇ ಇರುವ ನಮ್ಮ ಊರುಗಳಲ್ಲಿ ಎರಡನೆಯ ಗಾಜಿಗೆ ಮಾಡಲು ಹೆಚ್ಚು ಕೆಲಸವಿಲ್ಲ. ಹೊರಗೆ ಹಿಮ ಸುರಿಯುವಾಗ ಒಳಗೆ ಹೀಟರ್ ಉರಿಸುವ ದೇಶಗಳಲ್ಲಿ ವ್ಯತ್ಯಾಸ ಇಪ್ಪತ್ತು, ಮೂವತ್ತು ಡಿಗ್ರಿ ಇರುವುದರಿಂದ ಅಲ್ಲಿ ಅದರ ಬೆಲೆ ಬೇರೆ.

ವಸತಿ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ ರೂಪಿಸಿದ ಇಕೋ ನಿವಾಸ್ ಸಂಹಿತಾ 2018ರ ಲೆಕ್ಕವೂ ಇದನ್ನೇ ಹೇಳುತ್ತದೆ. ಬೆಂಗಳೂರಿನಂಥ ಸಮಶೀತೋಷ್ಣ ಊರುಗಳಿಗೆ, ಗೋಡೆ-ಕಿಟಕಿಗಳಿಂದ ಒಳಬರುವ ಶಾಖ ಅಳೆಯುವ ಅದರ ಸೂತ್ರದಲ್ಲಿ ಗಾಜಿನ ಯು-ವ್ಯಾಲ್ಯೂವನ್ನು 0.37ರಿಂದ ಗುಣಿಸಿದರೆ, ಎಸ್‌ಎಚ್‌ಜಿಸಿಯನ್ನು 63.69ರಿಂದ ಗುಣಿಸಬೇಕು.

ಬಣ್ಣದ ಗಾಜಿನ ಬಗ್ಗೆ ಒಂದು ಮಾತು. ಕಂದು, ಬೂದು ಬಣ್ಣದ ಅಗ್ಗದ ಗಾಜು ಬಿಸಿಲನ್ನು ಹೀರಿಕೊಂಡು ತಾನೇ ಕಾಯುತ್ತದೆ, ಕಾದು ಅದರಲ್ಲಿ ಒಂದು ಪಾಲನ್ನು ಒಳಗೇ ಬಿಡುತ್ತದೆ. ಕೋಣೆ ಕತ್ತಲಾಗಿ ಹಗಲಿನಲ್ಲೂ ದೀಪ ಉರಿಸಬೇಕಾಗುತ್ತದೆ. ನೆರಳು ಅರ್ಧಕ್ಕೆ ಬೀಳುವ ಜಾಗದಲ್ಲಿ ಒಂದು ಭಾಗ ಕಾದು ಇನ್ನೊಂದು ಭಾಗ ತಣ್ಣಗಿದ್ದು ಇಂಥ ಗಾಜು ಸೀಳುವುದೂ ಉಂಟು. ಎಸ್‌ಎಚ್‌ಜಿಸಿಯ ಜೊತೆಗೆ ಬೆಳಕಿನ ಪಾಲನ್ನು ಹೇಳುವ ವಿಎಲ್‌ಟಿ ಅಂಕಿಯನ್ನೂ ಕೇಳಿ, ಶಾಖ ಕಡಿಮೆ, ಬೆಳಕು ಹೆಚ್ಚು ಕೊಡುವುದನ್ನು ಆರಿಸಿ.

ಎಸಿ ಇದೆಯೇ, ಕಿಟಕಿ ತೆರೆದಿರುತ್ತದೆಯೇ?

ಫ್ಯಾನ್ ಹಾಕಿಕೊಂಡು ಕಿಟಕಿ ತೆರೆದು ಬದುಕುವ ಮನೆಯಲ್ಲಿ ಜೋಡಿ ಗಾಜಿಗೆ ಅರ್ಥವೇ ಇಲ್ಲ, ಗಾಳಿ ಹೇಗೂ ಒಳಗೆ ಬರುತ್ತಿರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲೂ ರಾತ್ರಿ ಹವೆ ತಂಪಾಗುವುದರಿಂದ ಆ ಹಣವನ್ನು ಸೊಳ್ಳೆ ಪರದೆಯ ಬಾಗಿಲಿಗೆ, ಎದುರುಬದುರಾಗಿ ತೆರೆಯುವ ಕಿಟಕಿಗಳಿಗೆ ಹಾಕುವುದು ಜಾಣತನ. ಸಕಲೇಶಪುರ, ಮೂಡಿಗೆರೆಯ ಮನೆಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಲ್ಲಿ ಕಿಟಕಿಯ ದೊಡ್ಡ ಚಿಂತೆ ಮಳೆಯದು. ಕಡೂರು, ಅರಸೀಕೆರೆಯ ಬಯಲುಸೀಮೆಯಲ್ಲಿ ಹಗಲಿನ ಕಾವು ಹೆಚ್ಚಿದ್ದರೂ ಮೊದಲ ಉತ್ತರ ನೆರಳೇ.

ಬೆಳಿಗ್ಗೆಯಿಂದ ರಾತ್ರಿಯವರೆಗೆ ಎಸಿ ನಡೆಯುವ ಶೋರೂಂ, ನರ್ಸಿಂಗ್ ಹೋಂ, ಹೋಟೆಲ್‌ಗಳ ಲೆಕ್ಕ ಬೇರೆ. ಇಲ್ಲಿ ಜೋಡಿ ಗಾಜು ಸಮರ್ಥನೀಯ, ಆದರೆ ಸಾದಾ ಜೋಡಿಯಲ್ಲ. ಎಸ್‌ಎಚ್‌ಜಿಸಿಯನ್ನು 0.30ಕ್ಕಿಂತ ಕೆಳಗಿಳಿಸಿಯೂ ಬೆಳಕನ್ನು ಉಳಿಸುವ ಉತ್ತಮ ಲೋ-ಇ (ಶಾಖ ತಡೆಯುವ ತೆಳು ಪದರದ) ಲೇಪನಗಳಲ್ಲಿ ಹೆಚ್ಚಿನವು ಮೃದುವಾಗಿದ್ದು, ಗಾಳಿ ಮತ್ತು ತೇವಕ್ಕೆ ಒಡ್ಡಿದರೆ ಕೆಡುತ್ತವೆ; ಅವು ಬಾಳುವುದು ಎರಡು ಗಾಜುಗಳ ನಡುವೆ ಮುಚ್ಚಿದ ಜಾಗದಲ್ಲಿ ಮಾತ್ರ. ಬಿಸಿ ನಾಡಿನಲ್ಲಿ ಜೋಡಿ ಗಾಜನ್ನು ಕೊಳ್ಳಲು ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ಕಾಣುವುದಿಲ್ಲ. ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ ರೂಪಿಸಿದ ಇಂಧನ ಉಳಿತಾಯದ ಇಸಿಬಿಸಿ 2017 ಸಂಹಿತೆಯೂ ನಮ್ಮಂಥ ಹವೆ ಮತ್ತು ಅಕ್ಷಾಂಶದ ಊರುಗಳಲ್ಲಿ ಎಸ್‌ಎಚ್‌ಜಿಸಿಗೆ ಉತ್ತರವೂ ಸೇರಿ ಎಲ್ಲ ದಿಕ್ಕುಗಳಲ್ಲೂ 0.27ರ ಮಿತಿಯನ್ನು ಹಾಕಿತ್ತು.

ಸದ್ದು ತಡೆಯಲೆಂದು ಕೇಳುವವರೂ ಇದ್ದಾರೆ. ಬಸ್ಸು, ಲಾರಿಗಳ ತಗ್ಗಿದ ಗುಡುಗಿಗೆ ಒಂದೇ ದಪ್ಪದ ಎರಡು ಗಾಜುಗಳ ಜೋಡಿ ನಿರೀಕ್ಷಿಸಿದಷ್ಟು ತಡೆಯಾಗುವುದಿಲ್ಲ. ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಮತ್ತು ಸಂದಿಯಿಲ್ಲದಂತೆ ರಬ್ಬರ್ ಗ್ಯಾಸ್ಕೆಟ್ ಕೂತ ಚೌಕಟ್ಟು ಹೆಚ್ಚು ಉಪಯುಕ್ತ.

ಚೌಕಟ್ಟು, ತೂಕ, ಎತ್ತರ

ಗಾಜು ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕೆ.ಜಿ. ತೂಗುತ್ತದೆ. ಮೇಲೆ ಹೇಳಿದ ಕಿಟಕಿಗೆ ಒಂಟಿ ಗಾಜು 28 ಕೆ.ಜಿ.ಯಾದರೆ ಜೋಡಿ ಗಾಜು 56 ಕೆ.ಜಿ.; ಹಿಂಜ್ ಮತ್ತು ರೋಲರ್‌ಗಳು ಅದನ್ನು ಹೊರುವಂಥವೇ ಎಂದು ಖಚಿತಪಡಿಸಿಕೊಳ್ಳಿ. ಸಾದಾ ಅಲ್ಯೂಮಿನಿಯಂ ಚೌಕಟ್ಟು ಶಾಖವನ್ನು ಸಲೀಸಾಗಿ ದಾಟಿಸುವುದರಿಂದ ದುಬಾರಿ ಗಾಜಿನ ಲಾಭವನ್ನು ಒಂದಷ್ಟು ತಿಂದುಹಾಕುತ್ತದೆ; ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಅಥವಾ ಮರ ವಾಸಿ. ಯುಪಿವಿಸಿಯ ಕೆಳಪಟ್ಟಿಯಲ್ಲಿ ನೀರು ಹೊರಹೋಗುವ ಸಣ್ಣ ಕಿಂಡಿಗಳು ಇರಲೇಬೇಕು. ಅವುಗಳನ್ನು ಸಿಮೆಂಟಿನಿಂದ ಮುಚ್ಚಿದರೆ ಆಷಾಢದ ಮಳೆಯಲ್ಲಿ ಪಟ್ಟಿಯೊಳಗೆ ನೀರು ನಿಂತು, ಜೋಡಿ ಗಾಜಿನ ಅಂಚು ಅದರಲ್ಲಿ ನೆನೆದು, ಸೀಲ್ ಬೇಗ ಸಾಯುತ್ತದೆ.

ಎತ್ತರದ ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಸಮುದ್ರಮಟ್ಟದ ಊರಿನಲ್ಲಿ ಗಾಳಿ ಹಿಡಿದಿಟ್ಟು ಮುಚ್ಚಿದ ಜೋಡಿ ಗಾಜನ್ನು ಸುಮಾರು 1,000 ಮೀಟರ್ ಎತ್ತರದ ನಮ್ಮ ಊರುಗಳಿಗೆ ತಂದಾಗ ಹೊರಗಿನ ಒತ್ತಡ ಹತ್ತನೇ ಒಂದು ಭಾಗದಷ್ಟು ಕಡಿಮೆಯಾಗಿ, ಗಾಜುಗಳು ಹೊರಕ್ಕೆ ಉಬ್ಬಿ ಅಂಚಿನ ಸೀಲ್ ಮೇಲೆ ಎಳೆತ ಬೀಳುತ್ತದೆ. ಬೆಂಗಳೂರಿನ ಎತ್ತರವೂ ನಮ್ಮ ಆಸುಪಾಸಿನದೇ ಆದ್ದರಿಂದ ಅಲ್ಲಿ ಮುಚ್ಚಿದ ಗಾಜಿಗೆ ಹಾಸನದಲ್ಲಿ ಈ ಬಾಧೆಯಿಲ್ಲ. ಮುಳ್ಳಯ್ಯನಗಿರಿಯ ತಪ್ಪಲಿನ ಹೋಂಸ್ಟೇಗೆ ತರಿಸುವವರು ಆರ್ಡರ್ ಕೊಡುವಾಗಲೇ ಜಾಗದ ಎತ್ತರವನ್ನು ತಿಳಿಸಬೇಕು.

ಗಾಜು ಬಂದ ದಿನ

ಮುಚ್ಚಿದ ಜೋಡಿ ಗಾಜನ್ನಾಗಲಿ, ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜನ್ನಾಗಲಿ ಸ್ಥಳದಲ್ಲಿ ಕತ್ತರಿಸಲು ಬರುವುದಿಲ್ಲ, ಆದ್ದರಿಂದ ಗಾರೆ ಕೆಲಸ ಮುಗಿದ ಮೇಲೆಯೇ ಅಳತೆ ಕೊಡಿ. ಜೋಡಿ ಗಾಜಿನಲ್ಲಿ ಲೇಪನ ಯಾವ ಮುಖದಲ್ಲಿದೆ ಎಂದು ಕೂರಿಸುವ ಮೊದಲೇ ಪರೀಕ್ಷಿಸಿ: ಮಬ್ಬು ಬೆಳಕಿನಲ್ಲಿ ಗಾಜಿನ ಮುಂದೆ ಲೈಟರ್ ಹಚ್ಚಿ ಓರೆಯಿಂದ ನೋಡಿದರೆ ನಾಲ್ಕು ಜ್ವಾಲೆಗಳು ಕಾಣುತ್ತವೆ, ಅವುಗಳಲ್ಲಿ ಒಂದರ ಬಣ್ಣ ಬೇರೆಯಾಗಿರುತ್ತದೆ. ಕೋಣೆಯೊಳಕ್ಕೆ ಬರಬೇಕಾದ ಬದಿಯಿಂದ ನೋಡುವಾಗ ಬೇರೆ ಬಣ್ಣದ್ದು ಹತ್ತಿರದಿಂದ ಮೂರನೆಯದಾಗಿರಬೇಕು, ಅಂದರೆ ಲೇಪನ ಹೊರಗಾಜಿನ ಒಳಮೈಯಲ್ಲಿರಬೇಕು. ಎರಡನೆಯದಾಗಿದ್ದರೆ ಗಾಜು ತಿರುಗುಮುರುಗಾಗಿದೆ. ಹಾಗೇ ಕೂರಿಸಿದರೆ ಲೇಪನ ಹೀರಿದ ಶಾಖ ಕೋಣೆಯ ಕಡೆಗೇ ಬರುತ್ತದೆ.

ಮುಂದೆ ಎಂದಾದರೂ ಎರಡು ಗಾಜುಗಳ ನಡುವೆ, ಒರೆಸಲು ಸಿಗದ ಕಡೆ ಮಂಜು ಕಟ್ಟಿದರೆ ಸೀಲ್ ಹೋಯಿತೆಂದೇ ತಿಳಿಯಬೇಕು. ಸಾಮಾನ್ಯವಾಗಿ ಆ ಘಟಕವನ್ನೇ ಬದಲಿಸಬೇಕಾಗುತ್ತದೆ. ಬಿಲ್‌ನಲ್ಲಿ ಎರಡೂ ಅಂಕಿಗಳ ಜೊತೆಗೆ ಈ ದೋಷಕ್ಕೆ ಎಷ್ಟು ವರ್ಷದ ವಾರಂಟಿ ಎಂಬುದನ್ನೂ ಬರೆಸಿಕೊಳ್ಳಿ. ತಯಾರಕರನ್ನು ಕೇಳದೆ ಒಳಗಾಜಿಗೆ ಸನ್ ಫಿಲ್ಮ್ ಅಂಟಿಸಿದರೆ ಗಾಜು ಕಾದು ಸೀಳಬಹುದು, ವಾರಂಟಿಯೂ ಕೈತಪ್ಪಬಹುದು.